ಹೇಳಿದ ಮಾತು, ತಿರುಗಿ ಹೇಳಿದ ಮಾತು

ಕಳೆದ ತಿಂಗಳು ನಮ್ಮ ಮನೆಯಲ್ಲಿ ಒಂದು ಸಣ್ಣ ವ್ಯಾಜ್ಯವು ವಿಚಾರಣೆಗೆ ಬಂದಿತು. ಅಣ್ಣನವರು ವಾದಿಗಳು, ಹದಿನಾರು ವರ್ಷದ ಅವರ ಮಗನು ಪ್ರತಿವಾದಿ, ನ್ಯಾಯಾಧೀಶರ ಸ್ಥಾನವು ನಮ್ಮ ಪಾಲಿಗೆ ಬಂದಿತ್ತು. ಹುಡುಗನು ರಾತ್ರಿ ಊಟವಾದೊಡನೆ ಕಂಪ್ಯೂಟರಿನ ಮುಂದೆ ಕುಳಿತು ವಿಮಾನ ಹಾರಿಸುವ ಆಟದಲ್ಲಿ ಮುಳುಗುತ್ತಾನೆಂದೂ, ಕಿವಿಗೆ ಹೆಡ್‌ಫೋನು ಏರಿಸಿಕೊಂಡು ಒಬ್ಬನೇ ಇಂಗ್ಲಿಷಿನಲ್ಲಿ ಏನೇನೋ ಗೊಣಗುತ್ತಾನೆಂದೂ, ಪರೀಕ್ಷೆಯು ಹತ್ತಿರವಾಗಿರುವಾಗ ಯಂತ್ರವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದೇ ಲೇಸೆಂದೂ ಅಣ್ಣನವರ ವಾದ. ಹುಡುಗನು ಹೆಚ್ಚು ಮಾತನಾಡಲಿಲ್ಲ. “ಚಿಕ್ಕಪ್ಪ, ನಾನು ಹಾರಿಸುವುದಕ್ಕಿಂತ ಬರೆಯುವುದೇ ಹೆಚ್ಚು. ಒಂದು ಸಲ ಬಂದು ನೋಡಿ” ಎಂದಷ್ಟೇ ಹೇಳಿದನು.

ತೀರ್ಪು ಕೊಡುವುದಕ್ಕೆ ಮುಂಚೆ ಸ್ಥಳಪರಿಶೀಲನೆ ಮಾಡುವುದು ನ್ಯಾಯಾಧೀಶರ ಕರ್ತವ್ಯವಷ್ಟೆ. ಆದುದರಿಂದ ಒಂದು ವಾರದ ಕಾಲ ದಿನವೂ ಅರ್ಧ ಗಂಟೆ ಅವನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆವು. ಅಲ್ಲಿ ಕಂಡುದನ್ನು ವಾಚಕರ ಮುಂದೆ ಇಡುತ್ತೇವೆ. ಮಕ್ಕಳಿರುವ ಮನೆಗಳಲ್ಲಿ ಇಂತಹ ವ್ಯಾಜ್ಯಗಳು ಇಂದಲ್ಲ ನಾಳೆ ಬಂದೇ ಬರುತ್ತವೆ.

ಕುಳಿತಲ್ಲಿಯೇ ಹಾರುವ ಈ ವಿದ್ಯೆಯು ಹೊಸದೆಂದು ನಾವು ತಿಳಿದಿದ್ದೆವು. ಹಾಗಲ್ಲ. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಬಿಂಗ್‌ಹ್ಯಾಮ್‌ಟನ್ ಎಂಬ ಊರಿನಲ್ಲಿ ಎಡ್ವಿನ್ ಲಿಂಕ್ ಎಂಬಾತನಿದ್ದನು. ಅವನ ತಂದೆಯ ಕಾರ್ಖಾನೆಯಲ್ಲಿ ಆರ್ಗನ್ ವಾದ್ಯಗಳನ್ನೂ ತಾವೇ ನುಡಿಯುವ ಪಿಯಾನೋಗಳನ್ನೂ ತಯಾರಿಸುತ್ತಿದ್ದರು. ನಮ್ಮ ಹಾರ್ಮೋನಿಯಮ್ಮಿನಲ್ಲಿರುವಂತೆ ಆ ವಾದ್ಯಗಳಲ್ಲಿಯೂ ಗಾಳಿಯ ತಿದಿಗಳುಂಟು. ಆ ತಿದಿಗಳನ್ನೇ ಬಳಸಿಕೊಂಡು, ನೆಲದ ಮೇಲೆ ನಿಂತಲ್ಲಿಯೇ ಓಲಾಡುವ, ಬಾಗುವ, ತಿರುಗುವ ಒಂದು ಪುಟ್ಟ ವಿಮಾನವನ್ನು ಅವನು 1929ರ ವೇಳೆಗೆ ನಿರ್ಮಿಸಿದನು. ಮೊದಲು ಅದನ್ನು ಕೊಂಡವರು ವಿನೋದದ ಉದ್ಯಾನಗಳವರು. ಜನರು ಕಾಸು ಕೊಟ್ಟು ಹತ್ತಿ ನಕ್ಕು ಇಳಿಯುತ್ತಿದ್ದರು. 1934ರಲ್ಲಿ ಆ ದೇಶದ ಸೈನ್ಯವು ವಿಮಾನದ ಮೂಲಕ ಟಪಾಲು ಸಾಗಿಸುವ ಕೆಲಸವನ್ನು ಕೈಗೊಂಡಿತು. ಮಂಜು ಮೋಡಗಳ ನಡುವೆ ಕೇವಲ ಮಾಪಕಗಳನ್ನು ನೋಡಿ ಹಾರುವ ಅಭ್ಯಾಸವು ಸಾಲದೆ ಅನೇಕ ಪೈಲಟರು ಪ್ರಾಣ ಕಳೆದುಕೊಂಡರು. ಆಗ ಸೈನ್ಯವು ಲಿಂಕನ ಯಂತ್ರಗಳನ್ನು ಆರು ಕೊಂಡಿತು. ಜಾತ್ರೆಯ ಆಟಿಕೆಯಂತಿದ್ದುದು ಪಾಠಶಾಲೆಯಾಯಿತು. ಆಟವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವ ಮುನ್ನ ನಾವು ಸ್ವಲ್ಪ ನಿಧಾನಿಸುವುದಕ್ಕೆ ಈ ಕಥೆಯೊಂದೇ ಸಾಕು.

ಮನೆಯ ಮೇಜಿನ ಮೇಲೆ ಈ ವಿದ್ಯೆಯನ್ನು ತಂದಿಟ್ಟವರಲ್ಲಿ ಬ್ರೂಸ್ ಆರ್ಟ್ವಿಕ್ ಎಂಬಾತನು ಮುಖ್ಯನು. ಅವನು ರಚಿಸಿದ ಕಾರ್ಯಕ್ರಮವನ್ನು 1982ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಮಾರಾಟಕ್ಕೆ ತಂದಿತು. ಅದರ ಸಂತತಿಯು ಇಂದಿಗೂ ಬೆಳೆಯುತ್ತಲಿದೆ. 2020ರಲ್ಲಿ ಒಂದು, 2024ರಲ್ಲಿ ಇನ್ನೊಂದು ಹೊರಬಂದವು. ನಮ್ಮ ಹುಡುಗನ ಕಂಪ್ಯೂಟರು ಹಳೆಯದಾದುದರಿಂದ ಅವನ ಬಳಿ ಇರುವುದು 2006ರ ಆವೃತ್ತಿ. ದೇವನಹಳ್ಳಿಯ ಬಳಿಯ ವಿಮಾನ ನಿಲ್ದಾಣವು ತೆರೆದುದು 2008ರ ಮೇ ತಿಂಗಳಿನಲ್ಲಾದುದರಿಂದ ಆ ಆವೃತ್ತಿಯಲ್ಲಿ ಅದು ಇಲ್ಲ. ಅವನ ಬೆಂಗಳೂರಿನಲ್ಲಿ ವಿಮಾನಗಳು ಇನ್ನೂ ಎಚ್‌ಎಎಲ್‌ನ ಹಳೆಯ ನಿಲ್ದಾಣದಲ್ಲಿಯೇ ಇಳಿಯುತ್ತಿವೆ.

ಹುಡುಗನು ಮೊದಲ ದಿನ ನಮಗೆ ತೋರಿಸಿದುದು ವಿಮಾನವನ್ನಲ್ಲ, ಒಂದು ಬರಹವನ್ನು. ಪ್ರತಿಯೊಂದು ವಿಮಾನಕ್ಕೂ ಒಂದೊಂದು ಕೋಶವಿದೆ. ಆ ಕೋಶದಲ್ಲಿ ‘ಏರ್‌ಕ್ರಾಫ್ಟ್ ಡಾಟ್ ಸಿಎಫ್‌ಜಿ’ ಎಂಬ ಹೆಸರಿನ ಒಂದು ಕಡತವಿದೆ. ಅದು ಸಾಮಾನ್ಯ ಅಕ್ಷರಗಳಲ್ಲಿ ಬರೆದ ಪಟ್ಟಿ. ಯಾರು ಬೇಕಾದರೂ ತೆರೆದು ಓದಬಹುದು. ಅದನ್ನು ಆ ವಿಮಾನದ ಜಾತಕವೆನ್ನಬಹುದು. ಮಗುವಿನ ಜಾತಕವು ನಿಜವಾಗುವುದೋ ಇಲ್ಲವೋ ಬಲ್ಲವರಾರು? ಈ ಜಾತಕವು ಮಾತ್ರ ಅಕ್ಷರಶಃ ನಿಜವಾಗುತ್ತದೆ. ವಿಮಾನದ ಹೆಸರೇನು, ಅದರ ಆಕಾರವು ಯಾವುದು, ಮೈಬಣ್ಣದ ಚಿತ್ರಗಳು ಯಾವ ಕೋಶದಲ್ಲಿವೆ, ಎದುರಿನ ಮಾಪಕಗಳ ಫಲಕವೆಲ್ಲಿ, ಎಂಜಿನ್ನಿನ ಸದ್ದೆಲ್ಲಿ, ಖಾಲಿ ತೂಕವೆಷ್ಟು, ಭಾರದ ಕೇಂದ್ರವೆಲ್ಲಿ, ನಿಯಂತ್ರಕನು ಅದನ್ನು ಯಾವ ಹೆಸರಿನಿಂದ ಕರೆಯಬೇಕು, ಎಲ್ಲವೂ ಅಲ್ಲಿ ಸಾಲು ಸಾಲಾಗಿ ಬರೆದಿರುತ್ತವೆ.

ಒಂದೇ ವಿಮಾನಕ್ಕೆ ನಾನಾ ಬಣ್ಣಗಳನ್ನು ಬಳಿಯಬೇಕಾದರೆ ಕಡತದಲ್ಲಿ ಬಣ್ಣಕ್ಕೊಂದರಂತೆ ಒಂದು ಭಾಗವನ್ನು ಸೇರಿಸಬೇಕು. ಭಾಗಗಳಿಗೆ ಸೊನ್ನೆಯಿಂದ ಆರಂಭಿಸಿ ಕ್ರಮವಾಗಿ ಅಂಕೆ ಹಾಕಬೇಕು. ಸೊನ್ನೆ, ಒಂದು, ಎರಡು ಬರೆದು ಮೂರನ್ನು ಬಿಟ್ಟು ನಾಲ್ಕು ಬರೆದರೆ ಯಂತ್ರವು ಎರಡಕ್ಕೇ ನಿಲ್ಲುತ್ತದೆ. ನಾಲ್ಕನೆಯ ವಿಮಾನವು ಕೋಶದಲ್ಲಿದ್ದರೂ ಪಟ್ಟಿಯಲ್ಲಿ ಕಾಣುವುದಿಲ್ಲ. ಎರಡು ವಿಮಾನಗಳಿಗೆ ಒಂದೇ ಹೆಸರಿಟ್ಟರೂ ತೊಡಕೇ. ಹುಡುಗನು ತನ್ನದೊಂದು ಕಲ್ಪಿತ ವಿಮಾನ ಕಂಪನಿಗೆ ನಮ್ಮೂರ ಹೊಳೆಯ ಹೆಸರಿಟ್ಟು, ವಿಮಾನದ ಬಾಲಕ್ಕೆ ನೀಲಿ ಬಳಿದು, ಮೂರು ದಿನ ಹುಡುಕಿದರೂ ಅದು ಕಾಣಿಸಲಿಲ್ಲವಂತೆ. ತಪ್ಪಿದ್ದುದು ಒಂದೇ ಅಂಕೆಯಲ್ಲಿ. “ಇಷ್ಟು ಸಣ್ಣದಕ್ಕೆ ಇಷ್ಟು ಶಿಕ್ಷೆಯೇ?” ಎಂದೆವು. “ಯಂತ್ರಕ್ಕೆ ಸಣ್ಣದು ದೊಡ್ಡದು ತಿಳಿಯದಲ್ಲ, ಚಿಕ್ಕಪ್ಪ” ಎಂದನು.

ಎರಡನೆಯ ದಿನದ ಪಾಠವು ತೂಕದ್ದು. ಸೆಸ್ನಾ 172 ಎಂಬ ನಾಲ್ಕು ಆಸನಗಳ ಸಣ್ಣ ವಿಮಾನವೊಂದಿದೆ. ಹುಡುಗನು ಎಲ್ಲಿಯೋ ಓದಿ, ಅದರ ಖಾಲಿ ತೂಕವು ಸುಮಾರು 750 ಕಿಲೋಗ್ರಾಮ್ ಎಂದು ತಿಳಿದು, ಕಡತದಲ್ಲಿ 750 ಎಂದು ಬರೆದನು. ಆ ಕಡತವು ತೂಕವನ್ನು ಓದುವುದು ಪೌಂಡುಗಳಲ್ಲಿ. ಒಂದು ಕಿಲೋಗ್ರಾಮಿಗೆ ಸುಮಾರು ಎರಡೂಕಾಲು ಪೌಂಡು. ಪರಿಣಾಮವಾಗಿ ವಿಮಾನವು ಅರ್ಧಕ್ಕಿಂತಲೂ ಹಗುರವಾಗಿ, ಓಡುದಾರಿಯಲ್ಲಿ ನಾಲ್ಕು ಮಾರು ಹೋಗುವಷ್ಟರಲ್ಲಿ ದಾರ ಕಿತ್ತ ಗಾಳಿಪಟದಂತೆ ಮೇಲಕ್ಕೆ ಚಿಮ್ಮಿತು! ನಾವಿಬ್ಬರೂ ನಕ್ಕೆವು. ಕಚ್ಚಾ ಸೇರಿಗೂ ಪಕ್ಕಾ ಸೇರಿಗೂ ಅಂತರವರಿಯದೆ ಅಂಗಡಿಯಲ್ಲಿ ಮೋಸಹೋದ ಹಿರಿಯರ ಕಥೆಗಳನ್ನು ನಾವು ಹೇಳಿದೆವು.

ಅವನು ತಿರುಗಿ ಹೇಳಿದ ಕಥೆಯು ಮಾತ್ರ ನಗುವಂಥದಲ್ಲ. 1983ರ ಜುಲೈ 23ರಂದು ಏರ್ ಕೆನಡಾ ಕಂಪನಿಯ ಬೋಯಿಂಗ್ 767 ವಿಮಾನವೊಂದು 69 ಜನರನ್ನು ಹೊತ್ತು ಎಡ್ಮಂಟನ್ನಿನ ಕಡೆಗೆ ಹೊರಟಿತ್ತು. ಕೆನಡಾ ದೇಶವು ಆಗ ಹಳೆಯ ಅಳತೆಗಳನ್ನು ಬಿಟ್ಟು ಮೆಟ್ರಿಕ್ ಅಳತೆಗಳಿಗೆ ಬರುತ್ತಿದ್ದ ಕಾಲ. ಆ ವಿಮಾನದ ಲೆಕ್ಕವು ಕಿಲೋಗ್ರಾಮುಗಳಲ್ಲಿ ಆಗಬೇಕಾಗಿತ್ತು. ಇಂಧನದ ಮಾಪಕವು ಕೆಟ್ಟಿದ್ದುದರಿಂದ ಕೈಯಿಂದ ಅಳೆದು ಲೆಕ್ಕ ಹಾಕಿದರು. ಲೆಕ್ಕದಲ್ಲಿ ಪೌಂಡಿನ ಗುಣಕವನ್ನು ಬಳಸಿದರು. ಬೇಕಾದುದರಲ್ಲಿ ಅರ್ಧಕ್ಕಿಂತಲೂ ಕಡಿಮೆ ಇಂಧನದೊಡನೆ ವಿಮಾನವು ಮೇಲೇರಿತು. ಸುಮಾರು 41,000 ಅಡಿ ಎತ್ತರದಲ್ಲಿ ಹಾರುತ್ತಿದ್ದಾಗ ಇಂಧನವು ತೀರತೊಡಗಿ, ಎಂಜಿನ್ನುಗಳು ಒಂದಾದ ಮೇಲೊಂದು ನಿಂತವು. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ನರಿಗೆ ಎಂಜಿನ್ನಿಲ್ಲದ ಗ್ಲೈಡರುಗಳನ್ನು ಹಾರಿಸಿದ ಅನುಭವವಿದ್ದುದು ಎಲ್ಲರ ಪುಣ್ಯ. ಗಿಮ್ಲಿ ಎಂಬಲ್ಲಿಯ ಹಳೆಯ ವಾಯುಸೇನಾ ನೆಲೆಯಲ್ಲಿ ಅವರು ಅದನ್ನು ಇಳಿಸಿದರು, ಯಾರೂ ಸಾಯಲಿಲ್ಲ. ಅಂಕೆಯು ಸರಿಯಿದ್ದು ಅಳತೆಯು ತಪ್ಪಿದರೆ ಏನಾಗುವುದೆಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಗಣಿತದ ಪುಸ್ತಕವು ಕಲಿಸೀತು?

ಮೂರನೆಯ ದಿನ ಧ್ವನಿಗಳ ಸರದಿ ಬಂದಿತು. ಅಣ್ಣನವರು ದೂರಿದ್ದ ಗೊಣಗಾಟವು ಇದೇ. ವಿಮಾನ ನಿಲ್ದಾಣದ ಗೋಪುರದಲ್ಲಿರುವ ನಿಯಂತ್ರಕನೊಡನೆ ಸಂಭಾಷಿಸುವ ಅನುಕೂಲವು ಈ ಆಟಕ್ಕೆ ಬಂದುದು 2002 ಎಂಬ ಹೆಸರಿನ ಆವೃತ್ತಿಯಲ್ಲಿ. 2006ರ ಆವೃತ್ತಿಯಲ್ಲಿಯೂ ಕೇಳಿಬರುವುದು ಮನುಷ್ಯರ ಕಂಠವೇ. ಆದರೆ ಯಾರೂ ಇಡೀ ವಾಕ್ಯಗಳನ್ನು ಓದಿಟ್ಟಿಲ್ಲ. ಅಂಕೆಗಳು, ಅಕ್ಷರಗಳು, ಊರುಗಳು, ಕಂಪನಿಗಳ ಹೆಸರುಗಳು, ಇವನ್ನೆಲ್ಲ ಬಿಡಿಬಿಡಿಯಾಗಿ ಧ್ವನಿಮುದ್ರಿಸಿಟ್ಟಿದ್ದಾರೆ. ಹೂವಾಡಗಿತ್ತಿಯು ಬಿಡಿ ಹೂಗಳನ್ನು ದಾರಕ್ಕೆ ಕಟ್ಟುವಂತೆ ಯಂತ್ರವು ಬೇಕಾದ ತುಣುಕುಗಳನ್ನು ಜೋಡಿಸಿ ವಾಕ್ಯವನ್ನು ಕಟ್ಟುತ್ತದೆ. 2020ರ ಆವೃತ್ತಿಯಲ್ಲಿ ಪದ್ಧತಿಯು ಬೇರೆ. ಅಲ್ಲಿ ಬರಹವನ್ನು ಕಂಪ್ಯೂಟರೇ ಓದಿ ಧ್ವನಿಯಾಗಿ ಮಾರ್ಪಡಿಸುತ್ತದೆ.

ಕಡತದಲ್ಲಿ ಕಂಪನಿಯ ಕರೆಯುವ ಹೆಸರಿಗೆಂದು ಒಂದು ಸಾಲಿದೆ. ಕರೆಯುವ ಹೆಸರು ಕಂಪನಿಯ ಹೆಸರೇ ಆಗಿರಬೇಕೆಂದಿಲ್ಲ. ಬ್ರಿಟಿಷ್ ಏರ್‌ವೇಸ್ ವಿಮಾನಗಳನ್ನು ನಿಯಂತ್ರಕರು ‘ಸ್ಪೀಡ್‌ಬರ್ಡ್’ ಎಂದು ಕರೆಯುತ್ತಾರೆ. ನಮ್ಮ ಇಂಡಿಗೋ ವಿಮಾನಗಳಿಗೆ ‘ಐಫ್ಲೈ’ ಎಂಬ ಕರೆಯುಂಟು. ಆ ಸಾಲಿನಲ್ಲಿ ಬರೆದ ಹೆಸರು ಧ್ವನಿಗಳ ಭಂಡಾರದಲ್ಲಿದ್ದರೆ ಗೋಪುರದವನು ಅದನ್ನು ಉಚ್ಚರಿಸುತ್ತಾನೆ. ಇಲ್ಲದಿದ್ದರೆ ನೋಂದಣಿಯ ಅಕ್ಷರಗಳಿಂದ ಕರೆಯುತ್ತಾನೆ. ಹುಡುಗನು ಆಸೆಯಿಂದ ಬರೆದ ಹೊಳೆಯ ಹೆಸರನ್ನು ಗೋಪುರವು ಎತ್ತಲೇ ಇಲ್ಲ. ಭಾರತದ ವಿಮಾನಗಳ ನೋಂದಣಿಯು ವಿಟಿ ಎಂದು ಆರಂಭವಾಗುವುದಾದುದರಿಂದ “ವಿಕ್ಟರ್ ಟ್ಯಾಂಗೊ” ಎಂದು ಶುರುಮಾಡಿತು. ಹುಡುಗನ ಮುಖವು ಸಣ್ಣಗಾಯಿತು. “ಅದರ ನಿಘಂಟಿನಲ್ಲಿ ನಮ್ಮ ಹೊಳೆ ಇಲ್ಲ, ಚಿಕ್ಕಪ್ಪ” ಎಂದನು. ಧ್ವನಿಗಳ ಭಂಡಾರಕ್ಕೆ ಹೊಸ ಹೆಸರುಗಳನ್ನು ಸೇರಿಸುವ ಸಾಧನವನ್ನು ಹವ್ಯಾಸಿಗಳು ನಿರ್ಮಿಸಿದ್ದಾರಂತೆ. ರಜೆಯಲ್ಲಿ ಅದನ್ನು ಕಲಿಯುವುದು ಅವನ ಸಂಕಲ್ಪ.

ಅದೇ ಭಾಗದಲ್ಲಿ ಇನ್ನೊಂದು ಸಾಲಿದೆ. ಅಲ್ಲಿ ಸೊನ್ನೆ ಅಥವಾ ಒಂದು ಎಂದು ಬರೆಯಬೇಕು. ಒಂದು ಎಂದು ಬರೆದರೆ ನಿಯಂತ್ರಕನು ವಿಮಾನದ ಹೆಸರಿನ ಕೊನೆಗೆ ‘ಹೆವಿ’ ಎಂದು ಸೇರಿಸುತ್ತಾನೆ, ಎಂದರೆ ಭಾರವಾದುದು. ಇದು ಹೊಗಳಿಕೆಯಲ್ಲ, ಎಚ್ಚರಿಕೆ. ದೊಡ್ಡ ವಿಮಾನದ ರೆಕ್ಕೆಗಳ ತುದಿಯಿಂದ ಗಾಳಿಯು ಸುರುಳಿಸುರುಳಿಯಾಗಿ ಹೊರಟು, ವಿಮಾನವು ಮುಂದೆ ಹೋದ ಮೇಲೆಯೂ ಕೆಲವು ನಿಮಿಷ ಆಕಾಶದಲ್ಲಿ ಸುತ್ತುತ್ತಿರುತ್ತದೆ. ಹಿಂದೆ ಬರುವ ಸಣ್ಣ ವಿಮಾನವು ಆ ಸುಳಿಗೆ ಸಿಕ್ಕರೆ ಮಗುಚಿಕೊಳ್ಳುವ ಅಪಾಯವುಂಟು. ಅಂತಾರಾಷ್ಟ್ರೀಯ ನಿಯಮದ ಪ್ರಕಾರ 1,36,000 ಕಿಲೋಗ್ರಾಮ್ ಅಥವಾ ಅದಕ್ಕಿಂತ ಹೆಚ್ಚು ಭಾರದ ವಿಮಾನಗಳು ಈ ವರ್ಗಕ್ಕೆ ಸೇರುತ್ತವೆ. ಒಂದು ಪದವನ್ನು ಆಡಿದರೆ ಹಿಂದಿನವನು ದೂರ ನಿಲ್ಲುತ್ತಾನೆ, ಬದುಕುತ್ತಾನೆ. ಆಕಾಶದ ಭಾಷೆಯಲ್ಲಿ ಅಲಂಕಾರಕ್ಕೆಂದು ಇಟ್ಟ ಪದಗಳಿಲ್ಲವೆಂಬುದು ನಮಗೆ ಮನದಟ್ಟಾಯಿತು. ಒಂಬತ್ತನ್ನು ಇಂಗ್ಲಿಷಿನಲ್ಲಿ ‘ನೈನ್’ ಎನ್ನದೆ ‘ನೈನರ್’ ಎನ್ನುವುದು ಸಹ ಗದ್ದಲದಲ್ಲಿ ಅದು ಐದರಂತೆ ಕೇಳಿಸಬಾರದೆಂದೇ.

ನಾಲ್ಕನೆಯ ದಿನ ನಾವು ಗಮನಿಸಿದ ಸಂಗತಿಯೇ ಈ ಲೇಖನಕ್ಕೆ ಕಾರಣ. ನಿಯಂತ್ರಕನು ಅಪ್ಪಣೆ ಕೊಟ್ಟೊಡನೆ ಪೈಲಟನು ಅದನ್ನು ತಿರುಗಿ ಒಪ್ಪಿಸಬೇಕು. ಯಾವ ಓಡುದಾರಿ, ಯಾವ ಎತ್ತರ, ಯಾವ ದಿಕ್ಕು, ಎಲ್ಲವನ್ನೂ ಅದೇ ಪದಗಳಲ್ಲಿ ಹೇಳಬೇಕು. ತಪ್ಪಿದರೆ ನಿಯಂತ್ರಕನು ತಿದ್ದುತ್ತಾನೆ. “ಇದೇಕೆ? ಕೇಳಿಸಿತು ಎಂದರೆ ಸಾಲದೆ?” ಎಂದು ಕೇಳಿದೆವು. ಹುಡುಗನು ಕನರಿ ದ್ವೀಪಗಳ ಟೆನೆರಿಫೆಯ ಕಥೆಯನ್ನು ಹೇಳಿದನು.

1977ರ ಮಾರ್ಚ್ 27ರಂದು ಅಲ್ಲಿಯ ಲಾಸ್ ರೋಡಿಯೋಸ್ ನಿಲ್ದಾಣದಲ್ಲಿ ದಟ್ಟವಾದ ಮಂಜು. ಕೆಎಲ್ಎಂ ಮತ್ತು ಪ್ಯಾನ್ ಆಮ್ ಕಂಪನಿಗಳ ಎರಡು ಬೋಯಿಂಗ್ 747 ವಿಮಾನಗಳು ಒಂದೇ ಓಡುದಾರಿಯಲ್ಲಿದ್ದವು. ಮೇಲೇರಿದ ನಂತರ ಹಿಡಿಯಬೇಕಾದ ಮಾರ್ಗವನ್ನು ನಿಯಂತ್ರಕನು ಕೆಎಲ್ಎಂನವರಿಗೆ ತಿಳಿಸಿದನು. ಮೇಲೇರಲು ಅಪ್ಪಣೆಯನ್ನು ಕೊಟ್ಟಿರಲಿಲ್ಲ. ಆದರೆ ಮಾರ್ಗದ ಆ ಮಾತಿನಲ್ಲಿ ‘ಟೇಕಾಫ್’ ಎಂಬ ಪದವಿತ್ತು. ತಾವು ಈಗ ಟೇಕಾಫಿನಲ್ಲಿದ್ದೇವೆಂದು ಅವರು ಹೇಳಿದರು. ಅಣಿಯಾಗಿ ನಿಂತಿದ್ದಾರೆಂದು ಗೋಪುರವು ಗ್ರಹಿಸಿತು. ವಿಮಾನವು ಆಗಲೇ ಓಡತೊಡಗಿತ್ತು. ನಿಯಂತ್ರಕನು “ಓಕೆ” ಎಂದು, ಒಡನೆಯೇ ಕಾಯಿರಿ ಎಂದನು. ಅದೇ ಕ್ಷಣದಲ್ಲಿ ಪ್ಯಾನ್ ಆಮ್‌ನವರು ತಾವಿನ್ನೂ ಓಡುದಾರಿಯಲ್ಲಿಯೇ ಇರುವುದಾಗಿ ಕೂಗಿದರು. ಎರಡು ಮಾತುಗಳೂ ರೇಡಿಯೋದಲ್ಲಿ ಒಂದರ ಮೇಲೊಂದು ಬಿದ್ದು, ಕೆಎಲ್ಎಂ ವಿಮಾನದಲ್ಲಿ “ಓಕೆ” ಎಂಬುದಾದ ಮೇಲೆ ಕೇಳಿಸಿದುದು ಕರ್ಕಶವಾದ ಒಂದು ಸಿಳ್ಳು. 583 ಜನರು ಮೃತರಾದರು. ಅಂದಿನಿಂದ ‘ಟೇಕಾಫ್’ ಎಂಬ ಪದವನ್ನು ಮೇಲೇರುವ ಅಪ್ಪಣೆಯನ್ನು ಕೊಡುವಾಗ ಅಥವಾ ಅದನ್ನು ರದ್ದುಮಾಡುವಾಗಲಲ್ಲದೆ ಬಳಸಕೂಡದೆಂದು ನಿಯಮವಾಯಿತು. ಅಪ್ಪಣೆಗೆ ಬರಿಯ “ಓಕೆ” ಎಂಬುದು ಉತ್ತರವಲ್ಲ. ಮುಖ್ಯವಾದ ಮಾತುಗಳನ್ನು ತಿರುಗಿ ಒಪ್ಪಿಸಲೇಬೇಕು.

ಹುಡುಗನು ಮುಂದಿನ ಸಂಗತಿಗೆ ಹೋದನು. ನಮ್ಮ ಮನಸ್ಸು ಅಲ್ಲಿಯೇ ನಿಂತಿತು. ಎರಡು ವರ್ಷಗಳ ಕೆಳಗೆ ಒಂದು ಬೆಳಿಗ್ಗೆ ನಾವು ಜಗುಲಿಯಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದೆವು. ಅತ್ತಿಗೆಯವರು ಅಡುಗೆಮನೆಯಿಂದಲೇ, “ಅತ್ತೆಯವರ ರಕ್ತದೊತ್ತಡದ ಮಾತ್ರೆಯನ್ನು ಡಾಕ್ಟರು ಅರ್ಧಕ್ಕೆ ಇಳಿಸಿದ್ದಾರೆ, ಇವತ್ತಿನಿಂದ ಅರ್ಧವೇ ಕೊಡಿ” ಎಂದು ಕೂಗಿ ಹೇಳಿದರು. ನಾವು “ಹೂಂ” ಎಂದೆವು. ನಮ್ಮ ಕಿವಿಗೆ ಬಿದ್ದುದು ಮಾತ್ರೆ ಕೊಡಬೇಕೆಂಬುದಷ್ಟೆ. ಎಂದಿನಂತೆ ಇಡಿಯ ಮಾತ್ರೆಯನ್ನೇ ಕೊಟ್ಟೆವು, ಮರುದಿನವೂ ಹಾಗೆಯೇ. ಮೂರನೆಯ ದಿನ ತಾಯಿಯವರು ಬಚ್ಚಲುಮನೆಯಲ್ಲಿ ತಲೆತಿರುಗಿ ಬಿದ್ದರು. ಮೊಣಕೈಗೆ ಪೆಟ್ಟಾದುದಲ್ಲದೆ ಬೇರೇನೂ ಆಗಲಿಲ್ಲವೆಂಬುದು ಭಗವಂತನ ಕೃಪೆ. ಅತ್ತಿಗೆಯವರು ತಾವು ಹೇಳಿದ್ದುಂಟೆಂದರು, ನಾವು ಕೇಳಿಸಿಕೊಂಡಿಲ್ಲವೆಂದೆವು. ಇಬ್ಬರ ಮಾತೂ ನಿಜವೇ. ತಪ್ಪು ಮಾತ್ರ ಪೂರ್ತಿಯಾಗಿ ನಮ್ಮದು, ಮತ್ತು ಅದು ಅಡಗಿದ್ದುದು ಆ “ಹೂಂ” ಎಂಬ ಒಂದಕ್ಷರದಲ್ಲಿ.

ನಮ್ಮ ಮನೆಗಳಲ್ಲಿ “ಹೂಂ” ಎಂಬುದಕ್ಕೆ ಎಷ್ಟು ಅರ್ಥಗಳಿವೆಯೆಂಬುದನ್ನು ವಾಚಕರೇ ಎಣಿಸಿ ನೋಡಲಿ. ಕೇಳಿಸಿತು ಎಂಬುದಕ್ಕೂ “ಹೂಂ”. ಒಪ್ಪಿದೆ ಎಂಬುದಕ್ಕೂ “ಹೂಂ”. ಆಮೇಲೆ ನೋಡೋಣ ಎಂಬುದಕ್ಕೂ “ಹೂಂ”. ಏನೂ ಕೇಳಿಸದಿದ್ದರೂ “ಹೂಂ”. ಆಡಿದವರು ತಮಗೆ ಬೇಕಾದ ಅರ್ಥವನ್ನು ಹಿಡಿದುಕೊಂಡು ನಿಶ್ಚಿಂತರಾಗುತ್ತಾರೆ. ಟೆನೆರಿಫೆಯ “ಓಕೆ”ಗೂ ನಮ್ಮ ಜಗುಲಿಯ “ಹೂಂ”ಗೂ ನಮಗೆ ಅಂತರವು ಕಾಣಲಿಲ್ಲ.

ಐದನೆಯ ದಿನ ಹುಡುಗನನ್ನು ಪರೀಕ್ಷಿಸಿದೆವು. ಈ ಆಟದಲ್ಲಿ ಒಂದು ದೊಡ್ಡ ಲೋಪವಿದೆ. ನಿಯಂತ್ರಕನ ಮಾತು ತೆರೆಯ ಮೇಲೆ ಅಕ್ಷರಗಳಲ್ಲಿಯೂ ಮೂಡುತ್ತದೆ; ಅಂಕೆಯ ಒಂದು ಗುಂಡಿಯನ್ನು ಒತ್ತಿದರೆ ಮುದ್ರಿತ ಧ್ವನಿಯೇ ಪೈಲಟನ ಪರವಾಗಿ ಎಲ್ಲವನ್ನೂ ತಪ್ಪಿಲ್ಲದೆ ಒಪ್ಪಿಸುತ್ತದೆ. ಕೇಳಿಸಿಕೊಳ್ಳದವನೂ ಜಾಣನೆನಿಸಿಕೊಳ್ಳಬಹುದು. ಆದುದರಿಂದ ಆ ಅಕ್ಷರಗಳ ಮೇಲೆ ಒಂದು ರಟ್ಟನ್ನು ಅಡ್ಡವಾಗಿ ಹಿಡಿದು, “ಈಗ ನೀನೇ ಹೇಳು” ಎಂದೆವು. ಮೊದಲ ಅಪ್ಪಣೆಯಲ್ಲಿಯೇ ಓಡುದಾರಿಯ ಅಂಕೆಯನ್ನು ತಪ್ಪು ಹೇಳಿದನು. ಎರಡನೆಯದರಲ್ಲಿ ಎತ್ತರವನ್ನು ಮರೆತನು. ವರ್ಷವೆಲ್ಲ ಹಾರಿದವನು ಒಂದು ಮಾತನ್ನೂ ನಿಜವಾಗಿ ಕೇಳಿರಲಿಲ್ಲವೆಂದು ತಿಳಿದು ಅವನಿಗೆ ನಾಚಿಕೆಯಾಯಿತು. ವಾರದ ಕೊನೆಗೆ ಹತ್ತರಲ್ಲಿ ಎಂಟನ್ನು ಸರಿಯಾಗಿ ಒಪ್ಪಿಸುತ್ತಿದ್ದನು.

ಕಿವಿಯ ಈ ಶಿಕ್ಷಣವು ಹಗುರವಾದುದಲ್ಲ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲಿನ ಆಕಾಶದಲ್ಲಿ ಸೌದಿ ಮತ್ತು ಕಜಾಕಿಸ್ತಾನದ ವಿಮಾನಗಳು ಡಿಕ್ಕಿಹೊಡೆದು 349 ಜನರು ಸತ್ತರು. ಕಜಾಕ್ ವಿಮಾನವು 15,000 ಅಡಿಯಲ್ಲಿ ನಿಲ್ಲಬೇಕಾಗಿದ್ದು ಅದಕ್ಕಿಂತ ಕೆಳಗೆ ಇಳಿದಿತ್ತು. ಇಂಗ್ಲಿಷ್ ಮಾತನ್ನು ಗ್ರಹಿಸುವುದರಲ್ಲಿನ ಕೊರತೆಯೂ ವಿಚಾರಣೆಯಲ್ಲಿ ಚರ್ಚೆಗೆ ಬಂದಿತು. ಅಂತಾರಾಷ್ಟ್ರೀಯ ಮಾರ್ಗಗಳ ಪೈಲಟರಿಗೂ ನಿಯಂತ್ರಕರಿಗೂ ಆಡುವ ಮತ್ತು ಕೇಳುವ ಭಾಷೆಯಲ್ಲಿ ನಿಗದಿಯಾದ ಮಟ್ಟದ ಸಾಮರ್ಥ್ಯವಿರಬೇಕೆಂಬ ನಿಯಮವು 2008ರಿಂದ ಜಾರಿಗೆ ಬಂದಿದೆ.

ಇನ್ನು ತೀರ್ಪು. ಯಂತ್ರಕ್ಕೆ ಬೀಗ ಹಾಕಬೇಕಾಗಿಲ್ಲ. ಪರೀಕ್ಷೆಯು ಮುಗಿಯುವವರೆಗೆ ದಿನಕ್ಕೆ ಅರ್ಧ ಗಂಟೆ ಮಾತ್ರ, ಅದೂ ರಟ್ಟನ್ನು ಅಡ್ಡವಿಟ್ಟುಕೊಂಡು. ಕಡತವನ್ನು ತಿದ್ದುವ ಮುನ್ನ ಅದರ ಒಂದು ಪ್ರತಿಯನ್ನು ಬೇರೆಯಾಗಿ ತೆಗೆದಿಡಬೇಕು. ಒಂದು ಸಲಕ್ಕೆ ಒಂದೇ ಸಾಲನ್ನು ತಿದ್ದಿ ಪರಿಣಾಮವನ್ನು ನೋಡಬೇಕು. ಏನನ್ನು ತಿದ್ದಿದೆನೆಂದು ನೋಟುಪುಸ್ತಕದಲ್ಲಿ ಬರೆದಿಡಬೇಕು. ಅಪರಿಚಿತರು ಕೊಡುವ ವಿಮಾನಗಳನ್ನೂ ಧ್ವನಿಗಳನ್ನೂ ಹಿರಿಯರಿಗೆ ತಿಳಿಸದೆ ಯಂತ್ರಕ್ಕೆ ಇಳಿಸಬಾರದು. ಮೇಜಿನ ಮುಂದೆ ಕಲಿತವನು ಪೈಲಟನಾಗಿಬಿಟ್ಟನೆಂಬ ಭ್ರಮೆಯು ಅವನಿಗೂ ಬೇಡ, ನಮಗೂ ಬೇಡ. ಕುರ್ಚಿಯಲ್ಲಿ ಕುಳಿತವನಿಗೆ ಬೀಳುವ ಭಯವಿಲ್ಲ. ಆ ಭಯವಿಲ್ಲದೆ ಕಲಿತ ವಿದ್ಯೆಯು ಅಷ್ಟರಮಟ್ಟಿಗೆ ಅಪೂರ್ಣವೇ.

ಅಣ್ಣನವರು ತೀರ್ಪನ್ನು ಕೇಳಿ “ಹೂಂ” ಎಂದರು. “ಅಪ್ಪ, ತಿರುಗಿ ಹೇಳಿ” ಎಂದನು ಹುಡುಗನು. ಮನೆಯವರೆಲ್ಲರೂ ನಕ್ಕರು; ಅಣ್ಣನವರೂ ನಕ್ಕು, ದಿನಕ್ಕೆ ಅರ್ಧ ಗಂಟೆ, ಪರೀಕ್ಷೆಯವರೆಗೆ, ರಟ್ಟಿನೊಡನೆ ಎಂದು ಸ್ಪಷ್ಟವಾಗಿ ಒಪ್ಪಿಸಿದರು.

ಆ ದಿನದಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿಯು ನಡೆದುಬಂದಿದೆ. ಔಷಧದ ಪ್ರಮಾಣ, ಹಣದ ಮೊತ್ತ, ರೈಲಿನ ವೇಳೆ, ಒಲೆಯನ್ನು ಆರಿಸಬೇಕಾದ ಹೊತ್ತು, ಈ ನಾಲ್ಕರ ವಿಷಯದಲ್ಲಿ ಯಾರೂ “ಹೂಂ” ಎನ್ನುವಂತಿಲ್ಲ. ಕೇಳಿದುದನ್ನು ಅದೇ ಮಾತಿನಲ್ಲಿ ತಿರುಗಿ ಹೇಳಬೇಕು. ಮೊದಮೊದಲು ಹಾಸ್ಯವೆನಿಸಿತು, ಈಗ ರೂಢಿಯಾಗಿದೆ. ನಿನ್ನೆ ರಾತ್ರಿ ತಾಯಿಯವರ ಬಳಿ ಮಾತ್ರೆ ಹಿಡಿದು ನಿಂತಾಗ, “ಅರ್ಧವೇ ತಾನೆ?” ಎಂದು ಅವರು ಕೇಳಿದರು. “ಅರ್ಧ, ಊಟವಾದ ಮೇಲೆ” ಎಂದೆವು. ಅವರು ನಿಶ್ಚಿಂತೆಯಿಂದ ಕೈ ಚಾಚಿದರು.